ಕಿವಿಯಪ್ಪ

ಗಲ್ಲಕ್ಕೆ ಬಳಿದ ನೊರೆ ಆರುತ್ತಿದ್ದರೂ ಗುರುಪ್ರಸಾದ್ ರೇಜರನ್ನು ಕೈಯಲ್ಲಿ ಹಿಡಿದು ಕನ್ನಡಿಯ ಮುಂದೆ ನಿಂತೇ ಇದ್ದ. ಇವತ್ತು ಕಲ್ಲಿನ ಅನಾವರಣದ ಸಭೆಯಲ್ಲಿ ಆಡಬೇಕಾದ ಮೊದಲ ವಾಕ್ಯ ಬಾಯಿಪಾಠವಾಗಿತ್ತು: ‘ಈ ಕಲ್ಲಿನಲ್ಲಿ ನೀವು ಕೆತ್ತಿಸಿರುವ ಕಥೆ ಸುಳ್ಳು, ಅದನ್ನು ಹುಟ್ಟಿಸಿದವನು ನಾನು.’ ‘ಸುಳ್ಳು’ ಎಂಬಲ್ಲಿ ನಿಲ್ಲಬೇಕು. ಎರಡು ಉಸಿರಿನಷ್ಟು. ಮುಂದಿನ ಸಾಲಿನಲ್ಲಿ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವ ತನಕ. ಮೂವತ್ತೈದು ವರ್ಷ ಇತಿಹಾಸದ ಪಾಠ ಹೇಳಿದವನಿಗೆ ಎಲ್ಲಿ ನಿಲ್ಲಬೇಕೆಂದು ಯಾರೂ ಕಲಿಸಬೇಕಾಗಿರಲಿಲ್ಲ. ಮೈಕಿಲ್ಲದೆ ಇನ್ನೂರು ಹುಡುಗರ ಕೊನೆಯ ಬೆಂಚು ಮುಟ್ಟುವ ದನಿ ಅವನದು. ಆದರೂ ಬೆಳಗಿನಿಂದ ಏನೋ ಒಂದು ಸರಿಯಿಲ್ಲ. ತಪ್ಪು ಒಪ್ಪಿಕೊಳ್ಳಲು ಹೊರಟವನ ಮುಖದಲ್ಲಿ ಇರಬೇಕಾದ ದುಗುಡ ಕನ್ನಡಿಯಲ್ಲಿ ಎಲ್ಲೂ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಬಹುಮಾನ ತೆಗೆದುಕೊಳ್ಳಲು ಹೊರಟವನ ಕಳೆ. ಅದನ್ನು ಗಮನಿಸಿದ್ದೇ ತಡ, ರೇಜರು ಜಾರಿ ದವಡೆಯ ಕೆಳಗೆ ಕೆಂಪು ಗೆರೆಯೊಂದು ಮೂಡಿತು.

“ಹತ್ತಿ ಇಟ್ಕೊಳಿ,” ಎಂದಳು ಹೆಂಡತಿ ಅಪರ್ಣ ಬಾಗಿಲಲ್ಲಿ ನಿಂತು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಅವಳಿಗೆ ರಜೆಯ ದಿನವೂ ಆರಕ್ಕೇ ಸ್ನಾನವಾಗಿಬಿಡುತ್ತಿತ್ತು. “ಎಲ್ಲಾರ ಎದುರಿಗೂ ಹೇಳ್ಲೇಬೇಕಾ?”

“ಇನ್ಯಾವಾಗ ಹೇಳ್ಲಿ? ಬುಕ್‌ಲೆಟ್ಟಲ್ಲಿ ಇದ್ರೆ ಅದು ಬೇರೆ ಮಾತು. ಕಲ್ಲಲ್ಲಿ ಬಂದ್ರೆ ಐನೂರು ವರ್ಷ ನಿಲ್ಲುತ್ತೆ ಕಣೇ. ಕೆಳಗೆ ನನ್ನ ಹೆಸರು ಬೇರೆ. ನಾಳೆ ಯಾರೋ ಪಿಎಚ್‌ಡಿ ಮಾಡೋರು ಬಂದು, ಗುರುಪ್ರಸಾದ್ ಸಂಗ್ರಹಿಸಿದ ಐತಿಹ್ಯ ಅಂತ ಬರ್ಕೊಂಡು ಹೋಗ್ತಾರೆ.”

“ಹೇಳಿದ್ರೆ ನೀವು ಹಗುರ ಆಗ್ತೀರಿ. ಅವ್ರು?”

“ಅವ್ರಿಗೆ ಸತ್ಯ ಗೊತ್ತಾಗುತ್ತೆ.”

“ನಮ್ಮಮ್ಮನೂ ಕುಣಿಗಲ್‌ನಿಂದ ಬಂದು ಅಲ್ಲಿ ನಿಂತು ಏನೋ ಹೇಳ್ಕೊಂಡು ಹೋದ್ರಲ್ಲ. ಏನ್ ಹೇಳಿದ್ರೋ, ಇವತ್ತಿಗೂ ನಂಗೆ ಹೇಳಿಲ್ಲ. ಆವತ್ತಿಂದ ನಿದ್ದೆ ಬರುತ್ತೆ ಅಂತಾರೆ. ಅವ್ರಿಗೂ ಫೋನ್ ಮಾಡಿ ಹೇಳ್ತೀರಾ, ಅದು ನಾನು ಕಟ್ಟಿದ್ದು ಅಂತ?”

ಅವನು ದವಡೆಗೆ ಹತ್ತಿ ಒತ್ತಿಕೊಂಡ. ಅತ್ತೆ ಕೌಸಲ್ಯಮ್ಮನವರ ಕೈಚೀಲ ಹಿಡಿದುಕೊಂಡು ಅವನೇ ಅವತ್ತು ಪಕ್ಕದಲ್ಲಿ ನಿಂತಿದ್ದ. ಎಪ್ಪತ್ತೆಂಟು ವರ್ಷದ ಆಕೆ, ಮಡಿ ಮೈಲಿಗೆಯೆಂದು ಜೀವಮಾನವಿಡೀ ನಾಲ್ಕು ಗೋಡೆಯೊಳಗೆ ಸುತ್ತಿದವರು, ನಿಟ್ಟೂರಿನಾಚೆಯ ಒಂದು ಕೇರಿಯ ಬುದ್ಧನ ಎಡಗಿವಿಗೆ ಬಾಯಿ ತಾಗಿಸಿ ಕಾಲುಗಂಟೆ ಪಿಸುಗುಟ್ಟಿದ್ದರು. ಹಿಂದಿನವರು ಗೊಣಗುತ್ತಿದ್ದರೂ ಬಿಟ್ಟಿರಲಿಲ್ಲ. ಕಾರಿಗೆ ಬಂದು ಕೂತವರೇ, “ಹೊಟ್ಟೆ ಹಸೀತಿದೆ ಕಣಪ್ಪ, ಎಲ್ಲಾದ್ರೂ ನಿಲ್ಸು,” ಎಂದಿದ್ದರು. ಆಗ ಅವನಿಗೆ ಆಗಿದ್ದು ಏನು? ಅಳುಕೇ? ಒಳಗೊಳಗೇ ಒಂದು ಪುಳಕವೂ ಇರಲಿಲ್ಲವೇ, ತಾನು ಕಟ್ಟಿದ್ದು ಇಷ್ಟರ ಮಟ್ಟಿಗೆ ನಿಂತಿತಲ್ಲ ಎಂದು?

ಆ ಬುದ್ಧನನ್ನು ಈಗ ಗುಬ್ಬಿ, ಕುಣಿಗಲ್, ತುಮಕೂರು ಮೂರೂ ಕಡೆಯ ಹೆಂಗಸರು ಕಿವಿಯಪ್ಪ ಎನ್ನುತ್ತಾರೆ. ಗುರುಪ್ರಸಾದ್ ಮೊದಲ ಸಲ ನೋಡಿದಾಗ ಅವನಿಗೆ ಹೆಸರೇ ಇರಲಿಲ್ಲ; ತೋಪಿನಪಾಳ್ಯದ ಕೆರೆಯ ಪಕ್ಕ ಹುಣಸೆಮರಕ್ಕೆ ಒರಗಿಸಿದ್ದ ಆಳೆತ್ತರದ ಒಂದು ಕರಿಕಲ್ಲು. ತಲೆತಲಾಂತರದಿಂದ ಆ ಕಲ್ಲು ಕೆರೆಯ ಕೆಳತುದಿಯಲ್ಲಿ, ಕೇರಿಯವರಿಗೆಂದು ಬಿಟ್ಟಿದ್ದ ಜಾಗದಲ್ಲಿ, ಬಟ್ಟೆ ಒಗೆಯುವ ಚಪ್ಪಡಿಯಾಗಿ ಬಿದ್ದಿತ್ತು. ಹೂಳೆತ್ತುವಾಗ ಹಾರೆ ಹಾಕಿ ಮಗುಚಿದರೆ ಅಡಿಯಲ್ಲಿ ಒಬ್ಬ ಕೂತಿದ್ದ. ಊರಿನವರು ಜೈನರ ವಿಗ್ರಹವೆಂದರು, ಭೈರವನೆಂದರು, ಅದು ಕೇರಿಯ ಕಡೆ ಸಿಕ್ಕಿದರೂ ಊರಿಗೇ ಸೇರಿದ್ದೆಂದರು. ಯಾರೋ ಕಾಲೇಜಿಗೆ ಕಾಗದ ಬರೆದರು. ಆಗಷ್ಟೇ ಕುಣಿಗಲ್‌ನಲ್ಲಿ ಲೆಕ್ಚರರ್ ಆಗಿದ್ದ ಇಪ್ಪತ್ತನಾಲ್ಕು ವರ್ಷದ ಗುರುಪ್ರಸಾದ್ ಟೇಪು, ನೋಟ್‌ಬುಕ್ಕು ಹಿಡಿದು ಬಂದ. ಎಡ ಭುಜದ ಮೇಲಿಂದ ಹಾದುಹೋದ ವಸ್ತ್ರದ ಒಂದೇ ಒಂದು ಗೆರೆ, ಮಂಡಿಯ ಮೇಲಿಂದ ಇಳಿದು ನೆಲ ಮುಟ್ಟಿದ ಬಲಗೈ ಬೆರಳು: ಅಷ್ಟು ಸಾಕಾಗಿತ್ತು. “ಇದು ಬುದ್ಧ,” ಎಂದ. ಹಾಗೆಂದಾಗ ಕೇರಿಯ ಹುಡುಗರು ಒಮ್ಮೆಲೇ ಹಾಕಿದ ಕೂಗು ಇವತ್ತಿಗೂ ಅವನ ಮೈಯಲ್ಲಿದೆ. ಅವರಲ್ಲೊಬ್ಬ, ಹೊಸದಾಗಿ ಲೈನ್‌ಮನ್ ಆಗಿದ್ದ ಚಿಕ್ಕರಂಗಯ್ಯ, ಸ್ಟೇಷನ್ನಿನ ತನಕ ಜೊತೆಗೆ ಬಂದು ಕೇಳಿದ್ದ: “ಎಲ್ಲಾ ದೇವ್ರಿಗೂ ಒಂದೊಂದ್ ಕಥೆ ಅದೆ ಸಾರ್. ನಮ್ಮಪ್ಪನಿಗೆ ಮಾತ್ರ ಇಲ್ಲ. ನೀವೊಂದ್ ಬರ್ಕೊಡಿ.”

ನಿಟ್ಟೂರಿನಲ್ಲಿ ರೈಲು ಹತ್ತಿ ತುಮಕೂರಿನಲ್ಲಿ ಇಳಿಯುವಷ್ಟರಲ್ಲಿ ಬರೆದು ಮುಗಿಸಿದ್ದ. ಮೊದಲ ಭಾಗಕ್ಕೆ ತಲೆ ಕೆಡಿಸಿಕೊಂಡಿರಲಿಲ್ಲ: ಭಿಕ್ಷುಗಳು ಗಾಡಿಯಲ್ಲಿ ಮೂರ್ತಿಯನ್ನು ಸಾಗಿಸುತ್ತಿದ್ದರು, ಕೆರೆಯ ಬಳಿ ಅಚ್ಚು ಮುರಿಯಿತು, ಮೂರ್ತಿ ಮುಂದಕ್ಕೆ ಬರಲೊಲ್ಲೆ ಎಂದಿತು. ಇಂಥದ್ದು ನೂರು ಊರಿನಲ್ಲಿದೆ. ಆದರೆ ಗುಬ್ಬಿಯಲ್ಲಿ ಎದುರಿನ ಗಾಡಿಗಾಗಿ ರೈಲು ನಿಂತಾಗ, ಕಿಟಕಿಯ ಸರಳಿಗೆ ಹಣೆ ಆನಿಸಿದ್ದಾಗ, ಮಿಕ್ಕಿದ್ದು ಹೊಳೆಯಿತು. ಕೆಟ್ಟ ಕಾಲ ಬಂದು ಬುದ್ಧ ಬೋರಲು ಬಿದ್ದ. ಜನ ಅವನ ಬೆನ್ನು ತುಳಿದರು. ಬಟ್ಟೆ ಒಗೆಯಲು ಬಂದ ಹೆಂಗಸರು ಅವನ ಬೆನ್ನಿನ ಮೇಲೆ ತಮ್ಮ ಕಷ್ಟಸುಖವನ್ನೆಲ್ಲ ಆಡಿಕೊಂಡರು. ನೂರಾರು ವರ್ಷ ಕೇಳಿ ಕೇಳಿ ಅವನ ಕಿವಿ ಉದ್ದವಾಯಿತು. ಬುದ್ಧನ ನೀಳ ಕಿವಿಗೆ ಶಿಲ್ಪಶಾಸ್ತ್ರ ಕೊಡುವ ಕಾರಣಗಳೆಲ್ಲ ಅವನಿಗೆ ಗೊತ್ತಿದ್ದವು. ಇದು ಅವೆಲ್ಲಕ್ಕಿಂತ ಚೆನ್ನಾಗಿತ್ತು. ಮುಂದಿನ ವರ್ಷ ಕಿರುಪುಸ್ತಕ ಬಂತು. ಮೂರನೆಯ ವರ್ಷ ಒಬ್ಬಳು ಹೆಂಗಸು ಕಿವಿಯಲ್ಲಿ ಏನೋ ಹೇಳಿಕೊಂಡಳಂತೆ ಎಂಬ ಸುದ್ದಿ ಬಂತು. ಆಮೇಲೆ ಸಾಲು ನಿಂತಿತು.

ತಿಪಟೂರಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅವನು ಚೀಲದಿಂದ ಅದೇ ಹಳೆಯ ನೋಟ್‌ಬುಕ್ಕು ತೆಗೆದ. ಸಾಕ್ಷಿಗೆಂದು ತಂದಿದ್ದ, ಸಭೆಯಲ್ಲಿ ಎತ್ತಿ ತೋರಿಸಲು. ಅಳತೆಗಳು, ಪೆನ್ಸಿಲ್ ಚಿತ್ರ, ಆಮೇಲೆ ಓಡುವ ರೈಲಿನ ಸೊಟ್ಟ ಅಕ್ಷರಗಳು. ಕೊನೆಯಲ್ಲಿ ಅಡ್ಡಗೆರೆ ಹೊಡೆದ ಒಂದು ಸಾಲಿತ್ತು: ‘ಎಡಗಿವಿ ಬಲಗಿವಿಗಿಂತ ಒಂದು ಬೆರಳು ಉದ್ದ. ಬಲಕ್ಕೆ ಅತ್ತೆಯರು ಒಗೆಯುತ್ತಿದ್ದರು, ಎಡಕ್ಕೆ ಸೊಸೆಯರು.’ ಗಂಭೀರವಾದ ಪುಸ್ತಕಕ್ಕೆ ಈ ತಮಾಷೆ ಬೇಡವೆಂದು ತಾನೇ ಹೊಡೆದುಹಾಕಿದ್ದು. ಇದನ್ನು ಯಾರಿಗೂ ತೋರಿಸಿರಲಿಲ್ಲ, ಅಪರ್ಣಳಿಗೂ. ಓದಿ ಈಗಲೂ ನಗು ಬಂತು. ಎಷ್ಟು ಚುರುಕಾಗಿದ್ದೆ ಆಗ, ಅಂದುಕೊಂಡ. ಬಸ್ಸು ಗುಬ್ಬಿ ದಾಟಿತು. ಮೇ ತಿಂಗಳ ಬಿಸಿಲು ಒಂಬತ್ತಕ್ಕೇ ತೊಡೆಯ ಮೇಲೆ ಬಿದ್ದು ಸುಡುತ್ತಿತ್ತು. ಮುಂದಿನ ಸೀಟಿನ ಹೆಂಗಸು ಬಾಟಲಿ ಎತ್ತಿ ಗಟಗಟ ನೀರು ಕುಡಿದಳು. ಅಷ್ಟಕ್ಕೇ ಅದು ಬಂತು, ಯಾವಾಗಲೂ ಬರುವಂತೆ, ಕರೆಯದೆ. ಹುಣಸೆಮರದ ನೆರಳು. ಹಸಿರು ಗಾಜಿನ ಬಳೆಯ ಒಂದು ಕೈ. ಕೈಯಲ್ಲಿ ತಂಬಿಗೆ, ತಂಬಿಗೆಯ ಹೊರಮೈ ಮೇಲೆ ತಣ್ಣನೆಯ ಬೆವರು. ಮತ್ತೆ ಅವನದೇ ದನಿ, ತುಂಬಾ ವಿನಯದ ದನಿ: “ನೀರು ಬೇಡಮ್ಮ. ಎಳನೀರಿದ್ರೆ ಕೊಡಿ.”

ಟೈಫಾಯ್ಡು ಬಂದು ಹೋಗಿತ್ತು ಆ ವರ್ಷ, ಹಾಗಾಗಿ ಹೊರಗಿನ ನೀರು ಕುಡಿಯುತ್ತಿರಲಿಲ್ಲ. ಹೀಗೆಂದು ಅವನು ತನಗೆ ಎಷ್ಟು ಸಲ ಹೇಳಿಕೊಂಡಿದ್ದನೋ. ಆದರೆ ಅದೇ ಸಂಜೆ ನಿಟ್ಟೂರು ಸ್ಟೇಷನ್ನಿನ ನಲ್ಲಿಗೆ ಬಾಯಿ ಕೊಟ್ಟು ಹೊಟ್ಟೆ ತುಂಬಾ ಕುಡಿದದ್ದೂ ಅವನಿಗೆ ನೆನಪಿತ್ತು. ಅಸ್ಪೃಶ್ಯತೆಯ ವಿರುದ್ಧದ ಚರ್ಚಾಸ್ಪರ್ಧೆಯಲ್ಲಿ ಕಪ್ ಗೆದ್ದಿದ್ದ ಹುಡುಗ. ತಂದೆ ಅನಂತರಾಮಯ್ಯನವರ ಜೊತೆ ಇದೇ ವಿಷಯಕ್ಕೆ ಜಗಳವಾಡಿ ಜನಿವಾರ ತೆಗೆದಿಟ್ಟಿದ್ದ ಹುಡುಗ. ಎಳನೀರು ಬಂತು, ಕುಡಿದ, ಹೊರಟ. ಅಷ್ಟೇ. ಯಾರೂ ಏನೂ ಅಂದಿರಲಿಲ್ಲ. ಈ ನೆನಪು ಬಂದಾಗಲೆಲ್ಲ ಅವನ ಮನಸ್ಸು ತಾನೇ ತಾನಾಗಿ ಇನ್ನೊಂದರ ಕಡೆ ತಿರುಗಿಬಿಡುತ್ತಿತ್ತು, ಆ ದೊಡ್ಡ ಸುಳ್ಳಿನ ಕಡೆ. ಈಗಲೂ ತಿರುಗಿತು. ‘ಅದನ್ನು ಹುಟ್ಟಿಸಿದವನು ನಾನು.’ ವಾಕ್ಯ ಮತ್ತೆ ಗಟ್ಟಿಯಾಗಿ ನಿಂತುಕೊಂಡಿತು.

ನಿಟ್ಟೂರಿನಲ್ಲಿ ಚಿಕ್ಕರಂಗಯ್ಯ ಟಿವಿಎಸ್ ನಿಲ್ಲಿಸಿಕೊಂಡು ಕಾಯುತ್ತಿದ್ದ. ರಿಟೈರಾಗಿ ನಾಲ್ಕು ವರ್ಷವಾದರೂ ಕಂಬ ಹತ್ತಿದ ತೋಳು ಸಡಿಲವಾಗಿರಲಿಲ್ಲ. ಬಿಳಿ ಶರಟು, ಎದೆಯ ಮೇಲೆ ನೀಲಿ ಬ್ಯಾಡ್ಜು. “ಕಾರು ತರ್ಸಣ ಅಂದ್ರೆ ಹುಡುಗ್ರು ಎಲ್ಲಾ ಒಯ್ದ್‌ಬುಟ್ಟವ್ರೆ ಸಾರ್. ಹಿಂದ್ಗಡೆ ಕೂತ್ಕಳಿ, ಗಟ್ಟಿಯಾಗ್ ಹಿಡ್ಕಳಿ,” ಎಂದ. ಚೀಲವನ್ನು ಎದೆಗೊತ್ತಿಕೊಂಡು, ಬ್ಯಾಡ್ಜಿನವನ ಸೊಂಟ ಹಿಡಿದುಕೊಂಡು, ಪ್ರೊಫೆಸರ್ ಗುರುಪ್ರಸಾದ್ ಮಣ್ಣುದಾರಿಯಲ್ಲಿ ಕುಲುಕುತ್ತ ಹೋದ. ಕಿವಿಯಪ್ಪನಿಗೆಂದು ಕೇರಿಯವರು ಕಟ್ಟಿದ್ದ ವಿಹಾರದ ಮುಂದೆ ಶಾಮಿಯಾನ ಹಾಕಿತ್ತು. ಪಕ್ಕದಲ್ಲಿ ಹಳದಿ ಬಟ್ಟೆ ಮುಚ್ಚಿದ ನಿಲುಗಲ್ಲು. ಒಳಗಿನಿಂದ ಹೆಂಗಸರ ಸಾಲು ಹೊರಟು, ಹೊಂಗೆ ಮರವನ್ನು ಸುತ್ತಿ, ರಸ್ತೆಗೆ ಬಂದಿತ್ತು. ಬಂದೋಬಸ್ತಿಗೆ ಬಂದಿದ್ದ ಲೇಡಿ ಕಾನ್‌ಸ್ಟೇಬಲ್ ಒಬ್ಬಳು, ಕೋರದ ಕಡೆಯವಳಂತೆ, ಎದೆಯ ಪಟ್ಟಿಯಲ್ಲಿ ಮಂಗಳಗೌರಿ ಎಂದು ಹೆಸರಿತ್ತು, ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಮೂರ್ತಿಯ ಎಡಗಿವಿಗೆ ಬಾಗಿದ್ದಳು. ಏನು ಹೇಳುತ್ತಿದ್ದಳೋ, ಹೇಳುವಾಗ ಅವಳ ಒಂದು ಕೈ ತಾನಾಗಿ ಬುದ್ಧನ ಭುಜದ ಮೇಲೆ ಹೋಗಿ ಕೂತಿತ್ತು, ಅಣ್ಣನ ಭುಜದ ಮೇಲೆ ಇಟ್ಟಂತೆ. ಆ ಕಿವಿ ಕೈಯ ಜಿಡ್ಡು, ಉಸಿರು ತಾಗಿ ತಾಗಿ ಉಳಿದ ಮೂರ್ತಿಗಿಂತ ಕಪ್ಪಾಗಿ ಮಿರುಗುತ್ತಿತ್ತು. ಇದನ್ನು ಒಡೆಯಲು ಬಂದಿದ್ದೇನೆ, ಅನ್ನಿಸಿತು. ಕಾಲು ಒಂದು ಕ್ಷಣ ತಡೆಯಿತು. ಇಲ್ಲ, ಒಡೆಯಬೇಕು, ಸತ್ಯಕ್ಕೆ ಬೇರೆ ದಾರಿಯಿಲ್ಲ, ಎಂದು ಅವನು ತನ್ನನ್ನು ಮುಂದಕ್ಕೆ ನೂಕಿಕೊಂಡ.

ಸಭೆಗೆ ಇನ್ನೂ ಮುಕ್ಕಾಲು ಗಂಟೆಯಿತ್ತು. ಚಿಕ್ಕರಂಗಯ್ಯ ತಿಂಡಿಗೆಂದು ಮನೆಗೆ ಕರೆದೊಯ್ದ. ನಡುಮನೆಯಲ್ಲಿ ಬಾಬಾಸಾಹೇಬರ ಫೋಟೋ, ಅದರ ಪಕ್ಕ ತೀರಿಹೋದ ಹೆಂಡತಿಯ ಫೋಟೋ. ತಟ್ಟೆ ಇಡ್ಲಿ ಬಂತು. ಅರ್ಧ ತಿಂದ ಮೇಲೆ ಗುರುಪ್ರಸಾದ್, ಈತನಿಗೆ ಸಭೆಯಲ್ಲಿ ಆಘಾತವಾಗುವುದು ಬೇಡ, ಮೊದಲೇ ಹೇಳುವುದು ಮರ್ಯಾದೆ ಎಂದು ನಿರ್ಧರಿಸಿ ಕೈ ಒರೆಸಿಕೊಂಡ.

“ಚಿಕ್ಕರಂಗಯ್ಯ, ನಿಮಗೊಂದು ಮಾತು ಹೇಳ್ಬೇಕು. ಆ ಕಿವಿ ಕಥೆ ಐತಿಹ್ಯ ಅಲ್ಲ. ನಂಗೆ ಯಾರೂ ಹೇಳಿದ್ದಲ್ಲ. ನಾನೇ ಟ್ರೈನಲ್ಲಿ ಕೂತು ಕಟ್ಟಿದ್ದು.”

ಚಿಕ್ಕರಂಗಯ್ಯನ ಕೈಯಲ್ಲಿದ್ದ ಚಟ್ನಿಯ ಸೌಟು ಅಲ್ಲೇ ನಿಂತಿತು. “ಏನಂದ್ರಿ?”

“ನಾನು ಹುಟ್ಟಿಸಿದ್ದು. ಇವತ್ತು ಎಲ್ಲಾರ ಮುಂದೆ ಒಪ್ಕೋಬೇಕು ಅಂತಾನೇ ಬಂದಿದೀನಿ.”

ಚಿಕ್ಕರಂಗಯ್ಯ ತಲೆಯೆತ್ತಿ ಗೋಡೆಯ ಕಡೆ ನೋಡಿದ. “ನಮ್ಮನೆಯವ್ಳು ಆಸ್ಪತ್ರೆಯಿಂದ ಬಂದವ್ಳು ಮನೆಗ್ ಬರ್ಲಿಲ್ಲ ಸಾರ್, ನೆಟ್ಟಗೆ ಅಲ್ಲಿಗೋದ್ಲು. ನನ್ನ ತೋಳ್ ಹಿಡ್ಕಂಡು ನಿಂತ್ಕಂಡು ಅವನ್ ಕಿವೀಲಿ ಹೇಳ್ಕಂಡ್ಳು. ನಂಗ್ ಹೇಳ್ದೇ ಇದ್ದದ್ದ.” ಸೌಟನ್ನು ಪಾತ್ರೆಯೊಳಗೆ ಇಟ್ಟ. “ಅದ್ ಸುಳ್ಳಾ?” ಗುರುಪ್ರಸಾದನಿಗೆ ಹೌದು ಎನ್ನಲು ಬಾಯಿ ಬರಲಿಲ್ಲ. ಎರಡು ಉಸಿರಿನಷ್ಟು ನಿಲ್ಲಬೇಕೆಂದು ಅವನು ಲೆಕ್ಕ ಹಾಕಿದ್ದ ಜಾಗ ಇದೇ. ಈಗ ಅದು ಮುಗಿಯುತ್ತಲೇ ಇರಲಿಲ್ಲ.

“ದೊಡ್ಡವ್ವಾ,” ಎಂದು ಚಿಕ್ಕರಂಗಯ್ಯ ಒಳಗೆ ಮುಖ ಮಾಡಿ ಕೂಗಿದ. “ಇಲ್ ಬಾ ಸ್ವಲ್ಪ.”

ಪಾನಕಕ್ಕೆ ಬೆಲ್ಲ ಕುಟ್ಟುತ್ತಿದ್ದ ರಂಗಲಕ್ಷ್ಮಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಅವನ ದೊಡ್ಡಪ್ಪನ ಹೆಂಡತಿ. ಎಂಬತ್ತರ ಹತ್ತಿರ ಇರಬೇಕು. ಬೆನ್ನು ಬಾಗಿದ್ದರೂ ಗಂಟಲು ಬಾಗಿರಲಿಲ್ಲ. “ಏನ್ಲಾ ರಂಗ? ಮೇಷ್ಟ್ರು ಯಾಕ್ ಮೊಕ ಇಳೇ ಬುಟ್ಕಂಡವ್ರೆ?”

“ಕಿವಿಯಪ್ಪನ ಕಥೆ ಇವ್ರೇ ಕಟ್ಟಿದ್ದಂತೆ. ಯಾರೂ ಹೇಳಿದ್ದಲ್ವಂತೆ.”

“ಅಯ್ಯ! ಇವ್ರ್ ಯಾಕ್ ಕಟ್ತಾರೆ? ನಾನಲ್ವೇನ್ಲಾ ಹೇಳಿದ್ದು.”

ಗುರುಪ್ರಸಾದ್ ಕನಿಕರದಿಂದ ನಕ್ಕ. ಪುಸ್ತಕದಲ್ಲಿ ಬಂದದ್ದು ಜನರ ಬಾಯಿಗೆ ಹೋಗಿ, ಆಮೇಲೆ ಅವರಿಗೆ ಅದು ತಮ್ಮದೇ ಹಳೆಯ ನೆನಪೆನ್ನಿಸುವುದು ಅವನಿಗೆ ಗೊತ್ತಿದ್ದ ಸಂಗತಿ. ಅದರ ಮೇಲೆ ಒಂದು ಲೇಖನವನ್ನೇ ಬರೆದಿದ್ದ. “ಯಾರಾದ್ರೂ ಬುಕ್ ಓದಿ ಹೇಳಿರ್ತಾರಮ್ಮ ನಿಮಗೆ. ಎಷ್ಟೋ ವರ್ಷ ಆಯ್ತಲ್ಲ. ನೀವೇ ಹೇಳಿದ್ದು ಅಂತ ಅನ್ಸುತ್ತೆ.”

“ಓದಿ ಹೇಳವ್ರೆ, ಇಲ್ಲ ಅನ್ನಲ್ಲ. ಬುಕ್ಕಲ್ಲಿ ಅತ್ತೆ ಸೊಸೇನೆ ಇಲ್ವಲ್ಲ ಮೇಷ್ಟ್ರೇ. ನಾನ್ ಎಷ್ಟ್ ಚೆಂದಾಗ್ ಹೇಳಿದ್ದೆ. ಬಲಗಡೆ ಅತ್ತೇರು, ಎಡಗಡೆ ಸೊಸೇರು. ಅದ್ಕೇ ಎಡಗಿವಿ ಒಂದ್ ಬೆರಳು ಉದ್ದ. ಅದ್ನ ಬುಟ್ಟೇ ಬುಟ್ಟಿದೀರಿ.”

ಚೀಲದೊಳಗಿನ ನೋಟ್‌ಬುಕ್ಕು ಅವನ ತೊಡೆಗೆ ತಗುಲಿಕೊಂಡಿತ್ತು. ಅವನು ಅದನ್ನು ತೆಗೆಯಲಿಲ್ಲ. ತೆಗೆಯಬೇಕಾಗಿಯೇ ಇರಲಿಲ್ಲ.

“ನಿಮಗ್ ನೆನಪಿಲ್ಲ ಬುಡಿ,” ಎಂದಳು ಮುದುಕಿ ಗೋಡೆಗೆ ಒರಗಿ ಕೂರುತ್ತ. “ನಿಮ್ಮ ಗ್ಯಾನ ಎಲ್ಲಾ ಟೇಪಲ್ಲಿತ್ತು. ನೀರ್ ತಂದೆ. ಎಳನೀರ್ ಇದ್ರೆ ಕೊಡಿ ಅಂದ್ರಿ. ನಮ್ಮನೇಲಿ ಎಲ್ಲಿತ್ತು ಮರ? ನಮ್ಮ ಯಜಮಾನ್ರು ಗೌಡ್ರ ತೋಟಕ್ಕೆ ಹೋದ್ರು. ಅಲ್ಲಿ ಬೇಲಿ ಹೊರಗೆ ನಿಂತ್ಕಂಡು ಕೇಳಿ, ಅವ್ರು ಕೆಡವಿ ಕೊಡೋ ಗಂಟ ಕಾಯ್ದು ತರಬೇಕು. ಒಂದ್ ಗಂಟೆ ಮೇಲಾಯ್ತು. ಅಲ್ಲಿ ಗಂಟ ಸುಮ್ಕೆ ಕೂರೋದಾ ಅಂತ ನಾನ್ ಕಥೆ ಹೇಳ್ದೆ. ನೀವು ಹೂಂ ಹೂಂ ಅಂತಿದ್ರಿ.” ಅವಳ ದನಿಯಲ್ಲಿ ದೂರಿನ ಎಳೆಯೂ ಇರಲಿಲ್ಲ. ಸಂತೆಗೆ ಹೋಗಿಬಂದ ವಿವರ ಹೇಳುವಂತೆ ಹೇಳುತ್ತಿದ್ದಳು. ಅವತ್ತು ‘ಬುದ್ಧೀ’ ಎಂದು ಕರೆಯುತ್ತಿದ್ದವಳು ಈಗ ‘ಮೇಷ್ಟ್ರೇ’ ಎನ್ನುತ್ತಿದ್ದಳು, ಬದಲಾದದ್ದು ಅಷ್ಟೇ.

ಚಿಕ್ಕರಂಗಯ್ಯನ ಮುಖ ನಿಧಾನವಾಗಿ ತಿಳಿಯಾಯಿತು. ಅವನು ಸೌಟನ್ನು ಮತ್ತೆ ಎತ್ತಿಕೊಂಡು ಗುರುಪ್ರಸಾದನ ತಟ್ಟೆಗೆ ಚಟ್ನಿ ಹಾಕಿದ. ಗುರುಪ್ರಸಾದ್ ತಿಂದ, ಏನು ತಿನ್ನುತ್ತಿದ್ದೇನೆಂದು ಗೊತ್ತಾಗಲಿಲ್ಲ. ಗುಬ್ಬಿಯಲ್ಲಿ ರೈಲು ನಿಂತಿತ್ತು, ಕಿಟಕಿಯ ಸರಳು ಹಣೆಗೆ ತಣ್ಣಗಿತ್ತು, ಹೊಳೆಯಿತು. ಹೊಳೆದದ್ದೆಲ್ಲಿಂದ? ಒಂದು ಗಂಟೆಯ ಕಾಲ ಅವನ ಕಿವಿಗೆ ಬಿದ್ದದ್ದು, ಅವನು ಕೇಳಿಸಿಕೊಳ್ಳದೆ ಇದ್ದದ್ದು, ಒಳಗೆ ಇಳಿದು ಕೂತು, ತನ್ನದೇ ಪ್ರತಿಭೆಯ ವೇಷ ಹಾಕಿಕೊಂಡು ಎದ್ದು ಬಂದಿತ್ತು. ನೋಟ್‌ಬುಕ್ಕಿನಲ್ಲಿ ಮಾಹಿತಿದಾರರ ಪಟ್ಟಿಯಿತ್ತು: ಪಟೇಲರು, ಶ್ಯಾನುಭೋಗರು, ಶಾಲೆಯ ಮೇಷ್ಟ್ರು. ಅದರಲ್ಲಿ ಈ ಹೆಂಗಸು ಇರಲಿಲ್ಲ. ಅವಳು ಮಾಹಿತಿ ಕೊಡಬಹುದೆಂದು ಅವನಿಗೆ ತೋರಿಯೇ ಇರಲಿಲ್ಲ. ಮೂವತ್ತೈದು ವರ್ಷ ಅವನು ಹೊತ್ತು ತಿರುಗಿದ ಆ ಪಾಪ, ಮನಸ್ಸಿನಲ್ಲಿ ಉಜ್ಜಿ ಉಜ್ಜಿ ಹೊಳಪು ಕೊಟ್ಟಿದ್ದ ಆ ದೊಡ್ಡ ಸುಳ್ಳು, ಅವನದಾಗಿರಲೇ ಇಲ್ಲ. ಅದರ ನೆರಳಿನಲ್ಲಿ ಬಚ್ಚಿಟ್ಟದ್ದು ಮಾತ್ರ ಅವನದು. ತಂಬಿಗೆಯೊಂದು, ಯಾರೋ ಬೇಸಗೆಯ ಮಧ್ಯಾಹ್ನ ಗೌಡರ ಬೇಲಿಯ ಹೊರಗೆ ನಿಂತ ಒಂದು ಗಂಟೆ. ಅದಕ್ಕೆ ವೇದಿಕೆಯ ಮೇಲೆ ಹೇಳುವಂಥ ವಾಕ್ಯ ಯಾವುದೂ ಅವನ ಬಳಿ ಇರಲಿಲ್ಲ.

“ಯಜಮಾನ್ರು...” ಎಂದ.

“ಹೋಗಿ ಹನ್ನೆರಡ್ ವರ್ಷ ಆಯ್ತು. ಇಡ್ಲಿ ಹಾಕ್ಸಿಕೊಳಿ.”

ವಿಹಾರದ ಕಡೆ ನಡೆಯುತ್ತ ಗುರುಪ್ರಸಾದ್ ಚಿಕ್ಕರಂಗಯ್ಯನ ತೋಳು ಹಿಡಿದು ನಿಲ್ಲಿಸಿದ. “ಕಲ್ಲಿಂದ ನನ್ನ ಹೆಸರು ತೆಗೆಸಿಬಿಡಿ. ಇವತ್ತೇ.”

“ಹೆಂಗ್ ತೆಗೆಯೋದು ಸಾರ್? ಕೆತ್ತಿರೋದು. ಉಜ್ಜಿದ್ರೆ ಅಲ್ಲೊಂದು ಗುಂಡಿ ಬೀಳ್ತದೆ. ಬಂದೋರೆಲ್ಲ, ಇಲ್ಲೇನಿತ್ತು, ಇಲ್ಲೇನಿತ್ತು ಅಂತ ಅದ್ನೇ ಕೇಳ್ತಾರೆ.” ಅವನು ಯೋಚಿಸಿದ. “ಕೆಳಗೆ ಒಂದಡಿ ಜಾಗ ಅದೆ. ಬೇಕಾದ್ರೆ ಇನ್ನೊಂದೆರಡ್ ಸಾಲು ಹಾಕ್ಸಣ. ಹೆಸ್ರು ಇರ್ಲಿ ಬುಡಿ. ಏನೀಗ?” ಶಿಕ್ಷೆಯನ್ನೂ ಹೀಗೆ ನಯವಾಗಿ ಕಿತ್ತುಕೊಳ್ಳಬಹುದೆಂದು ಗುರುಪ್ರಸಾದನಿಗೆ ಗೊತ್ತಿರಲಿಲ್ಲ.

ಬೌದ್ಧ ಭಿಕ್ಷು ಭಂತೇಜಿಯವರ ತ್ರಿಶರಣ ಮುಗಿದು ಅವನ ಹೆಸರು ಕರೆದರು. ಶಾಮಿಯಾನದ ತುಂಬ ಜನ, ಹೆಂಗಸರೇ ಹೆಚ್ಚು, ನೆಲಕ್ಕೆ ಹಾಸಿದ ಜಮಖಾನದ ಮೇಲೆ ಮಕ್ಕಳನ್ನು ಮಲಗಿಸಿಕೊಂಡು, ಬೀಸಣಿಗೆ ಬೀಸಿಕೊಂಡು. ಜೇಬಿನಲ್ಲಿದ್ದ ಭಾಷಣದ ಕಾಗದವನ್ನು ಅವನು ಮುಟ್ಟಲಿಲ್ಲ. ಕಥೆಯ ವಿಷಯ ಸಲೀಸಾಗಿ ಬಂತು. ಇದನ್ನು ನಾನು ಕಟ್ಟಿದೆ ಅಂದುಕೊಂಡಿದ್ದೆ, ಕಟ್ಟಿದವರು ನಿಮ್ಮ ರಂಗಲಕ್ಷ್ಮಮ್ಮ, ನಾನು ಬರೆದುಕೊಂಡವನು ಮಾತ್ರ, ಎಂದ. ಚಪ್ಪಾಳೆ ಬಿತ್ತು. ಇದು ವಿನಯವೆಂದು ಅವರು ತಿಳಿದಿದ್ದರು. ಅಲ್ಲಿಗೇ ಮುಗಿಸಬಹುದಾಗಿತ್ತು, ಮುಗಿಸಿದ್ದರೆ ದೊಡ್ಡ ಮನುಷ್ಯನಾಗಿ ಇಳಿಯಬಹುದಾಗಿತ್ತು. ಅವನು ಮೈಕಿನಿಂದ ಸ್ವಲ್ಪ ಹಿಂದೆ ಸರಿದು, “ಅವತ್ತು ನಾನು ಈ ಕೇರಿಯ ನೀರು ಕುಡಿಯಲಿಲ್ಲ,” ಎಂದ.

“ಜೋರಾಗ್ ಹೇಳಿ ಸಾರ್, ಕೇಳುಸ್ತಿಲ್ಲ,” ಎಂದು ಹಿಂದಿನಿಂದ ಯಾರೋ ಕೂಗಿದರು.

ಅವನು ಮೈಕಿಗೆ ಬಾಯಿ ತಂದ. “ಅವತ್ತು ಈ ಕೇರಿಯಲ್ಲಿ ನನಗೆ ನೀರು ಕೊಟ್ಟರು. ನಾನು ಕುಡಿಯಲಿಲ್ಲ. ಹುಷಾರಿಲ್ಲ ಅಂತ ಅಲ್ಲ. ಕೇರಿಯ ನೀರು ಅಂತ. ಎಳನೀರು ಕೇಳಿದೆ. ಅದಕ್ಕೆ ಈ ತಾಯಿಯ ಯಜಮಾನರು ಇನ್ನೊಬ್ಬರ ಬೇಲಿ ಹೊರಗೆ ನಿಲ್ಲಬೇಕಾಯಿತು.” ಸ್ಪೀಕರು ಒಂದೊಂದೇ ಮಾತನ್ನು ಕೆರೆಯ ಏರಿಗೆ ಬಡಿದು ವಾಪಸು ತಂದಿತು. ಈ ಸಲ ಚಪ್ಪಾಳೆಯಿಲ್ಲ. ಬೀಸಣಿಗೆಗಳು ನಿಂತವು. ಮುಂದೇನು ಹೇಳಬೇಕೆಂದು ಗೊತ್ತಾಗದೆ, ಮೂವತ್ತೈದು ವರ್ಷದಲ್ಲಿ ಮೊದಲ ಸಲ, ಅವನು ಸುಮ್ಮನೆ ನಿಂತ. ಇಷ್ಟೇ ನಾನು, ಎಂಬುದು ಹೊರಗೆ ಬಂದ ಮೇಲೆ ಅದರ ಮೇಲೆ ನಿಲ್ಲಬಹುದಾಗಿತ್ತು.

“ಆಯ್ತು ಬುಡಿ ಮೇಷ್ಟ್ರೇ. ಗೊತ್ತಿತ್ತು ನಮಗೆ,” ಎಂದು ಮುಂದಿನಿಂದ ರಂಗಲಕ್ಷ್ಮಮ್ಮನ ಗಂಟಲು ಕೇಳಿಸಿತು. ಅವಳಿಗೆ ಮೈಕು ಬೇಕಿರಲಿಲ್ಲ. “ಎಳನೀರ್ ಬತ್ತಿದ್ದಂಗೆ ಕುಡ್ದು ಎದ್ದೋದ್ರಲ್ಲ, ಕಥೆ ಅರ್ಧಕ್ಕೆ ಬುಟ್ಟು. ಆ ಅರ್ಧನೇ ಕೆತ್ತಿಸವ್ರೆ ಈಗ. ಮಿಕ್ಕಿದ್ದೇನ್ ಮಾಡ್ತೀರಿ?”

“ಮಿಕ್ಕಿದ್ದು ನಂಗೆ ಗೊತ್ತಿಲ್ಲಮ್ಮ. ನೀವೇ ಹೇಳಿ.”

ಅವನು ವೇದಿಕೆಯಿಂದ ಇಳಿದು ಬಂದು ಜಮಖಾನದ ಅಂಚಿನಲ್ಲಿ, ನಿದ್ದೆಹೋದ ಒಂದು ಮಗುವಿನ ಪಕ್ಕ, ಚಕ್ಕಳಮಕ್ಕಳ ಹಾಕಿ ಕೂತ. ರಂಗಲಕ್ಷ್ಮಮ್ಮ ಕೂತಲ್ಲೇ ಹೆಂಗಸರ ಕಡೆ ತಿರುಗಿದಳು.

“ಇವ್ರು ಬರ್ದವ್ರೆ, ಪಾಪ ಬಿದ್ದೋಗಿದ್ದ, ಎಲ್ಲಾರೂ ತುಳ್ದ್ರು ಅಂತ. ಅವ್ನ್ ಬೀಳ್ಲಿಲ್ಲ. ಅವ್ನೇ ಮಕಾಡೆ ಮಲಗ್ದ. ನಮ್ಮತ್ತೆ ಹೇಳೋರು. ಮಣ್ಣು ಕೆರೆದ್ರೆ ಕೈಗೆ ಸಿಗೋದಂತೆ ಕಿವಿ, ಯಾರೋ ಮಲಗವ್ನೆ ಅಂತ ನಮ್ಮ ಹೆಂಗಸ್ರಿಗೆ ಮೊದ್ಲಿಂದ್ಲೂ ಗೊತ್ತು. ಮೊದ್ಲು ಅವ್ನು ಏರಿ ಮೇಲೆ ಕೂತಿದ್ನಂತೆ, ನೀರ್ ಕಡೆ ಮೊಕ ಮಾಡ್ಕಂಡು. ಹೆಂಗಸ್ರು ಬಟ್ಟೆ ತಗಂಡ್ ಬರೋರು, ಇವನ್ ಮೊಕ ನೋಡೋರು, ಬಾಯ್ ಮುಚ್ಕಳೋರು. ಗಂಡಸೊಬ್ಬ ಎದುರ್ಗೆ ಕೂತ್ಕಂಡ್ ನೋಡ್ತಿದ್ರೆ ಯಾವಳ್ ಹೇಳ್ತಾಳೆ ತನ್ನ ಗೋಳ? ಒಂದಿನ ಒಬ್ಳು ಬಸ್ರಿ ಹೆಂಗ್ಸು ಬಂದ್ಲು. ಬೆನ್ ತುಂಬಾ ಬಾಸುಂಡೆ. ರವಿಕೆ ಬಿಚ್ಚಿ ನೀರಿಗಿಳಿಯಕ್ ಹೋದ್ಲು, ಇವನ್ನ ನೋಡಿದ್ಲು, ನಾಚ್ಕಂಡು ಸೆರಗ್ ಹೊದ್ಕಂಡು ಹಂಗೇ ಹೊಂಟೋದ್ಲು. ಇವ್ನಿಗೆ ತಡ್ಕಳಕ್ಕಾಗ್ಲಿಲ್ಲ. ಎದ್ದ. ಏರಿ ಇಳ್ದು ಬಂದ. ದಡದಾಗೆ ಮಕಾಡೆ ಮಲಗ್ಬುಟ್ಟ. ‘ನಾನ್ ನೋಡಲ್ಲ ಕಣ್ರವ್ವ, ನೀವ್ ಹೇಳ್ಕಳಿ’ ಅಂತ.”

ಕಂಬಕ್ಕೆ ಒರಗಿದ್ದ ಕಾನ್‌ಸ್ಟೇಬಲ್ ಮಂಗಳಗೌರಿ, ಡ್ಯೂಟಿಯನ್ನು ಮರೆತು, “ಹಂಗಾದ್ರೆ ಅಜ್ಜೀ,” ಎಂದಳು, “ಈಗ ಮತ್ತೆ ಎದ್ದು ಕೂತವ್ನಲ್ಲ. ಈಗ ನಾವ್ ಹೆಂಗೆ ಹೇಳ್ಕಳೋದು?”

ಗುರುಪ್ರಸಾದನ ತುಟಿಯವರೆಗೆ ಒಂದು ಉತ್ತರ ಬಂತು, ಧ್ಯಾನ, ಲಕ್ಷಣ, ಶತಮಾನಗಳ ಸಮೇತ. ಅವನು ಅದನ್ನು ಅಲ್ಲೇ ತಡೆದ.

“ಕಣ್ ನೋಡಿದೀಯೇನೇ ಅವನ್ದು?” ಎಂದಳು ರಂಗಲಕ್ಷ್ಮಮ್ಮ. “ಮುಚ್ಕಂಡವ್ನೆ. ನಮ್ಮ ಹುಡುಗ್ರು ಎತ್ತಿ ಕೂರ್ಸಿದ್ರು, ಕೂತ. ನೋಡಲ್ಲ ಅಂದಿದ್ದ. ನೋಡ್ತಿಲ್ಲ.”

ಇಡೀ ಶಾಮಿಯಾನ ವಿಹಾರದ ಬಾಗಿಲ ಕಡೆ ತಿರುಗಿತು. ಗುರುಪ್ರಸಾದನೂ ತಿರುಗಿದ. ಮೂರು ಪುಸ್ತಕಗಳಲ್ಲಿ ಆ ರೆಪ್ಪೆಗಳನ್ನು ಅವನು ಅಳೆದು ವರ್ಣಿಸಿದ್ದ. ಮತ್ತೆ ಮುದುಕಿಯ ಕಡೆ ನೋಡಿದಾಗ ಅವನಿಗೆ ತಿಳಿಯಬೇಕಾಗಿದ್ದದ್ದು ಒಂದೇ.

“ಆಮೇಲೆ ಆ ಬಸ್ರಿ ಹೆಂಗಸು ಬಂದ್ಲಾ ಅಮ್ಮ?”

“ಬರ್ದೆ ಇರ್ತಾಳಾ? ಮಾರ್ನೆ ದಿನವೇ ಬಂದ್ಲು,” ಎಂದಳು ರಂಗಲಕ್ಷ್ಮಮ್ಮ. “ಬಂದು, ಬಟ್ಟೆ ಒಗಿಯೋದ್ ಮರ್ತು, ಸಂಜೆ ಗಂಟ ಮಾತಾಡಿದ್ಲು.”